ಹತ್ತನೇ ರಿಸಲ್ಟ್ ಎಂಟನೇ ಕ್ಲಾಸಿನಾಗೇ ಬರೆದಿರ್ತದ

1/9

ಫೋಟೋದಾಗ ಇರೋದು ನಮ್ಮ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನ ಎಂಟನೇ ಕ್ಲಾಸ್ ರೂಮು. ಬೋರ್ಡ್ ಮ್ಯಾಲ ಇನ್ನೂ ನಿನ್ನೆಯ ತಾರೀಖು. ಶಾಲೆ ಯಾವುದು ಅಂತ ಕೇಳಬ್ಯಾಡ್ರಿ, ಹೇಳೋದಿಲ್ಲ. ಹೇಳಿದ್ರ ಆ ಒಂದು ಶಾಲೆಯ ಎಚ್.ಎಂ.ಗೆ ನೋಟಿಸ್ ಬರ್ತದ, ಉಳಿದ ಶಾಲೆಗಳು ಹಂಗೇ ಇರ್ತಾವ.

ಮಾರ್ಚ್ 18ಕ್ಕ ಎಸೆಸೆಲ್ಸಿ ಪರೀಕ್ಷೆ-1 ಶುರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಊರಿಗೆ ಹೋದ್ರೂ ಈಗ ಒಂದೇ ಸೀನ್. ಮುಂಜಾನೆ ಸ್ಪೆಷಲ್ ಕ್ಲಾಸ್, ಸಂಜಿಗೆ ಗ್ರೂಪ್ ಸ್ಟಡಿ, ಕೈಯಾಗ ಜೆರಾಕ್ಸ್ ಮಾಡಿಸಿದ "ಪಾಸಿಂಗ್ ಪ್ಯಾಕೇಜ್". ಶಿಕ್ಷಕರು ರಾತ್ರಿ ಮಕ್ಕಳ ಮನೆಗೆ ಫೋನ್ ಮಾಡಿ "ಓದಾಕ ಕುಂತಾನೇನ್ರಿ?" ಅಂತ ಕೇಳ್ತಾರ. ಅವರ ಶ್ರಮದ ಬಗ್ಗೆ ನನಗೆ ಒಂದು ಮಾತೂ ಇಲ್ಲ.

ಆದ್ರ ಅದೇ ಟೈಮಿಗೆ ಪಕ್ಕದ ರೂಮಿನಾಗ ಎಂಟನೇ ಕ್ಲಾಸಿನವರು ಸರ್ ಇಲ್ಲದೆ ಕೂತಿರ್ತಾರ. ಗಣಿತ ಸರ್ ಹತ್ತನೇ ಕ್ಲಾಸಿಗೆ ಹೋಗ್ಯಾರ. ಇಂಗ್ಲಿಷ್ ಅಕ್ಕೋರೂ ಅಲ್ಲೇ. ಎರಡು ವರ್ಷದ ಮೇಲೆ ಇದೇ ಎಂಟನೇ ಕ್ಲಾಸಿನವರು ಹತ್ತಕ್ಕ ಬರ್ತಾರ, ಅವಾಗ ಅವರಿಗೂ ಒಂದು ಪಾಸಿಂಗ್ ಪ್ಯಾಕೇಜ್ ಸಿಗ್ತದ, ಅವಾಗ ಅವರ ಹಿಂದಿನ ಎಂಟನೇ ಕ್ಲಾಸು ಖಾಲಿ.

ಈ ಸರಣಿಯಲ್ಲಿ ನಾನು ಹೇಳೋದು ಇಷ್ಟೇ: ತಾಲೂಕು ಊರುಗಳ ಹೈಸ್ಕೂಲು ಸುಧಾರಿಸಬೇಕಂದ್ರ ಗಣಿತದ ಒಳ್ಳೆ ಸರ್, ರೊಕ್ಕ, ಅಧಿಕಾರಿಗಳ ಭೇಟಿ, ಎಲ್ಲಾ ಮೊದಲು ಎಂಟನೇ ಕ್ಲಾಸಿಗೆ ಬರಬೇಕು. ಯಾಕ ಅಂತ ಮುಂದಿನ ಪೋಸ್ಟ್‌ನಾಗ.

2/9

ಮೊದಲು ಲೆಕ್ಕ. ಬಿಕಾಂ ಓದ್ತೀವಂದ್ರ ಇಷ್ಟಾದ್ರೂ ಮಾಡಬೇಕಲ್ಲ.

2023ರಲ್ಲಿ ರಾಜ್ಯದ ಎಸೆಸೆಲ್ಸಿ ಫಲಿತಾಂಶ ಶೇ. 83.89. 2024ಕ್ಕ ಪರೀಕ್ಷಾ ರೂಮಿನೊಳಗ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರು ಆಯ್ತು. ಫಲಿತಾಂಶ ಶೇ. 73.40ಕ್ಕೆ ಇಳೀತು. ಅದೂ ಗ್ರೇಸ್ ಹಾಕಿದ ಮೇಲೆ. ಗ್ರೇಸ್ ಅಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ, ಅದನ್ನ ಪಡೆಯೋ ಅರ್ಹತೆಯನ್ನ 35ರಿಂದ 25ಕ್ಕೆ ಇಳಿಸಿದ್ರು. ಒಂದೂವರೆ ಲಕ್ಷಕ್ಕಿಂತ ಹೆಚ್ಚು ಮಕ್ಕಳು ಹಂಗೇ ದಾಟಿದ್ರು. ಗ್ರೇಸ್ ಇಲ್ಲದಿದ್ರ ಫಲಿತಾಂಶ 54ರ ಆಸುಪಾಸು ನಿಲ್ತಿತ್ತು.

ಚಿತ್ರದುರ್ಗದ ಕಥಿ ನೋಡ್ರಿ. 2023ರಲ್ಲಿ ಶೇ. 96.80 ತಗೊಂಡು ರಾಜ್ಯಕ್ಕೇ ಫಸ್ಟ್. ಮರುವರ್ಷ ಶೇ. 72.85, ಸ್ಥಾನ 21. ಒಂದೇ ವರ್ಷದಾಗ ಒಂದು ಜಿಲ್ಲೆಯ ಮಕ್ಕಳು ಅಷ್ಟು ದಡ್ಡರಾಗ್ತಾರೇನು? ಕಲಿಕೆ ಎರಡೂ ವರ್ಷ ಹೆಚ್ಚುಕಡಿಮೆ ಅಷ್ಟೇ ಇತ್ತು. ಬದಲಾಗಿದ್ದು ಆಡಿಟ್.

2025ರಲ್ಲಿ ಗ್ರೇಸ್ ತೆಗೆದ್ರು. ರಾಜ್ಯ ಶೇ. 66.14. ದಕ್ಷಿಣ ಕನ್ನಡ 91.12, ಕಲಬುರಗಿ 42.43. ನಮ್ಮ ವಿಜಯಪುರ ಪಟ್ಟಿಯ ಕೆಳಗಿಂದ ಎಣಿಸೋ ಕಡೆ ಸಿಗ್ತದ.

ಈಗ ಹೊಸ ನಿಯಮ. 2025ರ ಅಕ್ಟೋಬರ್‌ನಾಗ ಸರ್ಕಾರ ಪಾಸ್ ಮಾರ್ಕ್ ಇಳಿಸಿತು. 625ಕ್ಕ 206 ಬಂದ್ರ ಸಾಕು, ಅಂದ್ರ ಶೇ. 33, ಪ್ರತಿ ವಿಷಯಕ್ಕ ಕನಿಷ್ಠ 30. ಇದರಾಗ ಶಾಲೆಯೊಳಗೇ ಕೊಡೋ ಇಂಟರ್ನಲ್ ಅಂಕವೂ ಸೇರ್ತಾವ. 100 ಅಂಕದ ವಿಷಯಕ್ಕ ಇಂಟರ್ನಲ್ 20. ಆ 20ಕ್ಕ 20 ಹಾಕೋದು ಎಷ್ಟು ಸಾಮಾನ್ಯ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಉಳಿದ 80ರ ಪೇಪರ್‌ನಾಗ ಎಷ್ಟು ಬರೆದ್ರ ಸಾಕಾಗ್ತದ ಅಂತ ನೀವೇ ಕೂಡಿಸಿ ಕಳೀರಿ.

ಹಿಂಗಾಗಿ ಈ ಸಲ ರಿಸಲ್ಟ್ ಏರಬಹುದು. ಏರಿದ್ರ ಹಾರ, ಫೇಟಾ, ಫೋಟೋ ಎಲ್ಲಾ ಇರ್ತಾವ. ಅದರಿಂದ ಶಾಲೆ ಸುಧಾರಿಸಿತು ಅಂತ ನಾನು ಒಪ್ಪೋದಿಲ್ಲ.

3/9

ಅಕೌಂಟ್ಸ್‌ನಾಗ ಇದಕ್ಕೊಂದು ಹೆಸರು ಅದ: ವಿಂಡೋ ಡ್ರೆಸ್ಸಿಂಗ್. ವರ್ಷದ ಕೊನೆಗೆ ಬ್ಯಾಲೆನ್ಸ್ ಶೀಟ್ ಚಂದ ಕಾಣ್ಲಿ ಅಂತ ಏನೇನೋ ಅಡ್ಜಸ್ಟ್ ಮಾಡೋದು. ಅಂಗಡಿ ಒಳಗ ಮಾಲಿಲ್ಲ, ಹೊರಗಿನ ಶೋಕೇಸ್ ತುಂಬ ಡಬ್ಬಿ.

ಇದು ನಮ್ಮ ಬ್ಯಾಚಿನವರಿಗೆ ಜಾಸ್ತಿ ತಿಳಿಯೋ ಮಾತು. ನಾವು 2021ರವರು. ನೆನಪದ ಅಲ್ಲ? ಜುಲೈ 19 ಮತ್ತು 22, ಎರಡೇ ದಿನ, ದಿನಕ್ಕ ಮೂರು ವಿಷಯ, ಓಎಂಆರ್ ಶೀಟ್‌ನಾಗ ಗೋಲ ತುಂಬೋದು. ಮಾಸ್ಕ್ ಹಾಕ್ಕೊಂಡು ಹೋದ್ವಿ, ಬಂದ್ವಿ, ರಾಜ್ಯಕ್ಕ ರಾಜ್ಯಾನೇ ಪಾಸಾಯ್ತು. ಕೊರೋನಾ ಟೈಮಿಗೆ ಅದಕ್ಕಿಂತ ಬೇರೆ ದಾರಿ ಇರ್ಲಿಲ್ಲ, ಆ ನಿರ್ಧಾರದ ಮ್ಯಾಲ ನನ್ನ ತಕರಾರಿಲ್ಲ. ಆದ್ರ ಆಮ್ಯಾಲ ಏನಾಯ್ತು? ಪಿಯುಸಿ ಫಸ್ಟ್ ಇಯರ್‌ನಾಗ ಎಷ್ಟು ಮಂದಿ ಕೂತು, ಎಷ್ಟು ಮಂದಿ ಸೆಕೆಂಡ್ ಇಯರ್‌ಗೆ ಬಂದ್ರು? ನಿಮ್ಮ ನಿಮ್ಮ ಕ್ಲಾಸ್ ಗ್ರೂಪ್ ಫೋಟೋ ತೆಗೆದು ಎಣಿಸ್ರಿ. ನನ್ನ ಫೋಟೋದಾಗ ಈಗ ಒಬ್ಬಾಂವ ಗೋವಾದಾಗ ಸೆಂಟ್ರಿಂಗ್ ಕೆಲಸಕ್ಕ ಅದಾನ, ಇಬ್ಬರು ಪುಣೆ, ಮೂರು ಹುಡುಗೇರ ಮದುವಿ ಆಗ್ಯದ. ಎಲ್ಲಾರ ಕೈಯಾಗೂ ಪಾಸಾದ ಮಾರ್ಕ್ಸ್ ಕಾರ್ಡ್ ಅದ.

ಪಾಸ್ ಮಾಡೋದು ಬ್ಯಾಡ ಅಂತಿಲ್ಲ ನಾನು. ನಮ್ಮ ಕಡೆ ಹತ್ತನೇ ಫೇಲ್ ಅಂದ್ರ ಏನರ್ಥ ಅಂತ ಬೆಂಗಳೂರಿನವರಿಗೆ ಹೇಳಿದ್ರ ತಿಳಿಯೋದಿಲ್ಲ. ಹುಡುಗ ಆದ್ರ ಮರುವಾರವೇ ಬ್ಯಾಗ್ ಕಟ್ಟಿ ಬಸ್ ಹತ್ತಿಸ್ತಾರ. ಹುಡುಗಿ ಆದ್ರ ಮನೆಗೆ ಬೀಗರು ಬರೋದು ಶುರು. ಅದಕ್ಕೇ ವರ್ಷಕ್ಕ ಮೂರು ಪರೀಕ್ಷೆ ಮಾಡಿದ್ದು ನನಗೆ ಖುಷಿ. ಫೇಲ್ ಆದ ಹುಡುಗಿಗೆ "ಇನ್ನೊಂದು ಚಾನ್ಸ್ ಅದ, ತಡೀರಿ" ಅಂತ ಮನಿಯವರ ಮುಂದ ಹೇಳಾಕ ಒಂದು ಕಾರಣ ಸಿಗ್ತದ. ಆದ್ರ ಮೂರು ಸಲ ಪರೀಕ್ಷೆ ಇಟ್ರೂ ಭಾಗಾಕಾರ ಬರದ ಹುಡುಗಿಗೆ ಭಾಗಾಕಾರ ತಾನಾಗೇ ಬರೋದಿಲ್ಲ.

4/9

"ಸರ್ಕಾರಿ ಶಾಲೆಯ ಮಕ್ಕಳು ಓದೋದಿಲ್ಲ." ಈ ಡೈಲಾಗ್ ಎಲ್ಲಾ ಕಡೆ ಕೇಳಿರ್ತೀರಿ. ಮೊದಲು ಆ ಶಾಲೆಗೆ ಯಾರು ಬರ್ತಾರ ನೋಡೋಣ.

ಐದನೇ ಕ್ಲಾಸ್ ಮುಗಿಯೋ ಹೊತ್ತಿಗೆ ನಮ್ಮ ತಾಲೂಕುಗಳಲ್ಲಿ ಒಂದು ಜರಡಿ ಹಿಡೀತಾರ. ಆಲಮಟ್ಟಿಯ ನವೋದಯಕ್ಕೆ ಪರೀಕ್ಷೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ ಪರೀಕ್ಷೆ. ಆದರ್ಶ ವಿದ್ಯಾಲಯಕ್ಕೆ ಪರೀಕ್ಷೆ. ಚುರುಕಿದ್ದವರು, ಇಲ್ಲಾ ಮನ್ಯಾಗ ಯಾರಾದ್ರೂ ಕೂತು ತಯಾರಿ ಮಾಡಿಸಿದವರು, ಅಲ್ಲಿಗೆ ಹೋಗ್ತಾರ. ರೊಕ್ಕ ಇದ್ದವರ ಮಕ್ಕಳು ಆಗಲೇ ಇಂಗ್ಲಿಷ್ ಮೀಡಿಯಂ ಬಸ್ಸಿನಾಗ ಇರ್ತಾರ. ಉಳಿದವರು ಏಳನೇ ಕ್ಲಾಸ್ ಮುಗಿಸಿ ಊರಿನ ಹೈಸ್ಕೂಲಿಗೆ ಬರ್ತಾರ: ಎಪಿಎಂಸಿ ಹಮಾಲರ ಮಕ್ಕಳು, ಸಂತ್ಯಾಗ ಕಾಯಿಪಲ್ಲೆ ಮಾರೋರ ಮಕ್ಕಳು, ತಾಂಡಾದಿಂದ ಬಂದು ಹಾಸ್ಟೆಲ್‌ನಾಗ ಇರೋರು, ದಿನಾ ಸುತ್ತಲ ಹಳ್ಳಿಯಿಂದ ಬಸ್ ಪಾಸ್ ಮ್ಯಾಲ ಬರೋರು.

ವಸತಿ ಶಾಲೆಗಳನ್ನ ಬೈಯ್ಯೋದು ನನ್ನ ಉದ್ದೇಶ ಅಲ್ಲ. 2024ರಲ್ಲಿ 625ಕ್ಕ 625 ತಗೊಂಡು ರಾಜ್ಯಕ್ಕ ಮೊದಲು ಬಂದಾಕಿ ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಾಕಿ. ಸರ್ಕಾರಿ ಶಾಲೆ, ಕನ್ನಡ ನಾಡಿನ ಉತ್ತರ ಭಾಗದ ಹುಡುಗಿ. ಊಟ, ಹಾಸಿಗಿ, ಎಲ್ಲಾ ವಿಷಯಕ್ಕ ಶಿಕ್ಷಕರು, ಸಂಜಿ ಓದಾಕ ಲೈಟು, ಇಷ್ಟು ಸಿಕ್ರ ನಮ್ಮ ಮಕ್ಕಳು ಎಲ್ಲಿಗೆ ಮುಟ್ತಾರ ಅಂತ ಆಕಿ ತೋರಿಸ್ಯಾಳ. ಆದ್ರ ಜರಡಿ ಹಿಡಿದ ಮೇಲೆ ಉಳಿದವರನ್ನ ಒಂದು ರೂಮಿನಾಗ ಕೂಡ್ರಿಸಿ, ಅವರ ರಿಸಲ್ಟ್ ತಗೊಂಡು ವಸತಿ ಶಾಲೆಯ ರಿಸಲ್ಟ್ ಜೋಡಿ ಹೋಲಿಸಿ, ಎಚ್.ಎಂ.ಗೆ "ಅವರಿಗೆ ಆಗ್ತದ, ನಿಮಗ್ಯಾಕ ಆಗೋದಿಲ್ಲ?" ಅಂತ ಮೀಟಿಂಗ್‌ನಾಗ ಕೇಳೋದು ನ್ಯಾಯ ಅಲ್ಲ.

ಇನ್ನೊಂದು ಸಂಗತಿ. ದೀಪಾವಳಿ ಮುಗೀತಂದ್ರ ನಮ್ಮ ತಾಂಡಾಗಳು ಅರ್ಧ ಖಾಲಿ. ಮಹಾರಾಷ್ಟ್ರಕ್ಕ ಕಬ್ಬು ಕಡಿಯಾಕ, ಗೋವಾಕ್ಕ ಕಟ್ಟಡ ಕೆಲಸಕ್ಕ. ಸಣ್ಣ ಮಕ್ಕಳನ್ನ ಅಪ್ಪ ಅವ್ವ ಜೋಡಿ ಕರ್ಕೊಂಡು ಹೋಗ್ತಾರ. ದೊಡ್ಡ ಹುಡುಗಿ ಇದ್ರ ಅಜ್ಜಿ ಜೋಡಿ ಬಿಟ್ಟು ಹೋಗ್ತಾರ, ಅಡಿಗಿ, ನೀರು, ದನ ಎಲ್ಲಾ ಆಕಿ ತಲಿ ಮ್ಯಾಲ. ಹಾಜರಿ ಪುಸ್ತಕದಾಗ ಆಕಿ ಹೆಸರು ಇರ್ತದ. ಬೆಂಚಿನ ಮ್ಯಾಲ ಆಕಿ ಇರೋದಿಲ್ಲ.

5/9

ಈಗ ಮುಖ್ಯ ಮಾತಿಗೆ ಬರೋಣ. ಈ ಪೋಸ್ಟ್ ಸ್ವಲ್ಪ ಉದ್ದ, ಸೇವ್ ಮಾಡಿಟ್ಟು ಓದಿದ್ರೂ ನಡೀತದ.

ನಮ್ಮ ಓಣಿಯ ಒಬ್ಬ ಎಂಟನೇ ಕ್ಲಾಸಿನ ಹುಡುಗಿಗೆ ನಾನು ಸಂಜಿ ಲೆಕ್ಕ ಹೇಳಿಕೊಡ್ತೀನಿ. 432ನ್ನ 4ರಿಂದ ಭಾಗಿಸು ಅಂದ್ರ ಪೆನ್ನು ಹಿಡ್ಕೊಂಡು ನನ್ನ ಮುಖ ನೋಡ್ತಾಳ. ಅದೇ ಹುಡುಗಿ ರವಿವಾರ ಅವ್ವನ ಜೋಡಿ ಸಂತ್ಯಾಗ ಕೂತಾಗ, ಪಾವಕಿಲೋ ಇಷ್ಟು, ಒಂದೂವರಿ ಕಿಲೋ ಇಷ್ಟು, ಐನೂರರ ನೋಟಿಗೆ ಚಿಲ್ಲರೆ ಇಷ್ಟು, ಅಂತ ನಾನು ಫೋನ್ ತೆಗೆಯೋದ್ರೊಳಗ ಹೇಳಿ ಮುಗಿಸಿರ್ತಾಳ.

ಇದು ನಮ್ಮ ಓಣಿಗಷ್ಟೇ ಸೀಮಿತ ಅಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ (2019ರ ಎಕನಾಮಿಕ್ಸ್ ನೊಬೆಲ್, ನಮ್ಮ ಕ್ಲಾಸಿನಾಗೂ ಹೆಸರು ಕೇಳೀವಿ) ಮತ್ತು ಅವರ ಜೊತೆಗಾರರು ಕೋಲ್ಕತ್ತಾ, ದೆಹಲಿ ಮಾರ್ಕೆಟ್‌ಗಳಲ್ಲಿ ವ್ಯಾಪಾರ ಮಾಡೋ ಮಕ್ಕಳ ಮ್ಯಾಲ ಅಧ್ಯಯನ ಮಾಡಿದ್ರು. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ವ್ಯಾಪಾರದ ಕಠಿಣ ಲೆಕ್ಕ ಬಾಯಲ್ಲೇ ಮಾಡೋ ಮಕ್ಕಳಿಗೆ ಶಾಲೆಯ ಪುಸ್ತಕದ ಸರಳ ಲೆಕ್ಕ ಬರ್ತಿರ್ಲಿಲ್ಲ. ಶಾಲೆಗಷ್ಟೇ ಹೋಗೋ ಮಕ್ಕಳಿಗೆ ಇದರ ಉಲ್ಟಾ: ಪುಸ್ತಕದ ಲೆಕ್ಕ ಬರ್ತದ, ಮಾರ್ಕೆಟ್‌ನಾಗ ಕೈ ಸೋಲ್ತದ. ಅಂದ್ರ ಈ ಮಕ್ಕಳಿಗೆ ಬುದ್ಧಿ ಇಲ್ಲ ಅನ್ನೋದು ಸುಳ್ಳು. ಅವರ ತಲ್ಯಾಗಿನ ಲೆಕ್ಕಕ್ಕೂ ಬೋರ್ಡ್ ಮ್ಯಾಲಿನ ಲೆಕ್ಕಕ್ಕೂ ನಡುವೆ ಯಾರೂ ಸೇತುವೆ ಕಟ್ಟಿಲ್ಲ, ಅಷ್ಟೇ.

ಆ ಸೇತುವೆ ಕಟ್ಟೋ ಜಾಗ ಎಂಟನೇ ಕ್ಲಾಸು. ಹೆಸರು ನೋಡಿದ್ರ ಇಲಾಖೆಯಲ್ಲಿ ಆಗಲೇ "ಸೇತುಬಂಧ" ಅಂತ ಕಾರ್ಯಕ್ರಮ ಅದ. ಜೂನ್‌ನಾಗ ಕೆಲವು ದಿನ ನಡೀತದ, ಒಂದು ಟೆಸ್ಟ್ ತಗೋತಾರ, ಅಂಕ ಅಪ್‌ಲೋಡ್ ಮಾಡ್ತಾರ, ಜುಲೈಗೆ ಬೀಜಗಣಿತ ಶುರು. ಮೂರನೇ ಕ್ಲಾಸಿನಿಂದ ಉಳಿದ ಬಾಕಿಯನ್ನ ಎರಡು ವಾರದಾಗ ತೀರಿಸೋಕೆ ಆಗ್ತದೇನ್ರಿ? ಓಪನಿಂಗ್ ಬ್ಯಾಲೆನ್ಸ್ ನೋಡದೇ ಹೊಸ ಲೆಡ್ಜರ್ ಶುರು ಮಾಡಿದ್ರ ಅಕೌಂಟೆಂಟ್‌ನ ಮನೆಗೆ ಕಳಿಸ್ತಾರ.

ಬಾಕಿ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕ್ರಿ. ಈ ವರ್ಷ ಹತ್ತನೇ ಕ್ಲಾಸಿನಾಗ ಇರೋರು 2020-21ರಲ್ಲಿ ಐದನೇ ಕ್ಲಾಸು. ಆ ವರ್ಷ ಒಂದರಿಂದ ಐದನೇ ಕ್ಲಾಸಿನ ಬಾಗಿಲು ತೆಗೀಲೇ ಇಲ್ಲ. ಈಗ ಎಂಟನೇ ಕ್ಲಾಸಿನಾಗ ಇರೋರು ಅವಾಗ ಮೂರನೇ ಕ್ಲಾಸು. ಭಾಗಾಕಾರ, ಭಿನ್ನರಾಶಿ, ಒತ್ತಕ್ಷರ ತಪ್ಪಿಲ್ಲದೆ ಓದೋದು, ಎಲ್ಲಾ ಕಲಿಯೋ ವಯಸ್ಸು ಅದೇ. 2022-23ರಲ್ಲಿ "ಕಲಿಕಾ ಚೇತರಿಕೆ" ಅಂತ ಒಂದು ವರ್ಷ ಮಾಡಿದ್ರು. ಆಮ್ಯಾಲ ಎಲ್ಲಾ ಸರಿ ಹೋಗ್ಯದ ಅನ್ನೋ ಹಂಗ ಮುಂದೆ ನಡೆದ್ವಿ.

ನಾನು ಕೇಳೋದು ಹಿಂಗ: ಎಂಟನೇ ಕ್ಲಾಸಿನ ಮೊದಲ ಮೂರು ತಿಂಗಳು, ದಿನಕ್ಕ ಎರಡು ಪೀರಿಯಡ್, ಬರೇ ಓದು ಮತ್ತು ಲೆಕ್ಕ. ಎ ಸೆಕ್ಷನ್ ಬಿ ಸೆಕ್ಷನ್ ಅಂತ ಕೂಡ್ರಿಸಬ್ಯಾಡ್ರಿ. ಒಂದು ಪ್ಯಾರಾ ಓದಿಸಿ, ಒಂದು ಭಾಗಾಕಾರ ಮಾಡಿಸಿ, ಯಾರು ಎಲ್ಲಿ ನಿಂತಾರ ನೋಡಿ ಹಂಗೇ ಗುಂಪು ಮಾಡ್ರಿ. ತಿಂಗಳಿಗೊಮ್ಮೆ ಮತ್ತೆ ನೋಡಿ ಗುಂಪು ಬದಲಿಸ್ರಿ. ಇದು ನನ್ನ ತಲಿಯಿಂದ ಬಂದ ಐಡಿಯಾ ಅಲ್ಲ. 1995ರಲ್ಲಿ ಮುಂಬೈಯಲ್ಲಿ ಹುಟ್ಟಿದ ಪ್ರಥಮ್ ಸಂಸ್ಥೆ ಇದನ್ನ ಪ್ರಾಥಮಿಕ ಶಾಲೆಗಳಲ್ಲಿ ವರ್ಷಾನುಗಟ್ಟಲೆ ಮಾಡ್ಯದ, ಬ್ಯಾನರ್ಜಿ-ಡಫ್ಲೋ ತಂಡದ ಪ್ರಯೋಗಗಳಲ್ಲಿ ಅದು ಕೆಲಸ ಮಾಡ್ತದ ಅಂತ ಸಾಬೀತಾಗ್ಯದ. ಹೈಸ್ಕೂಲಿನವರು ಮಾತ್ರ "ಇದು ಪ್ರೈಮರಿ ಕೆಲಸ, ನಮ್ಮದಲ್ಲ" ಅಂತಾರ. ಪ್ರೈಮರಿಯವರು "ನಾವು ಏಳನೇ ತನಕ ಕಳಿಸೀವಿ, ಮುಂದಿಂದು ಅವರದು" ಅಂತಾರ. ಹುಡುಗಿ ನಡುವೆ ನಿಂತಾಳ.

"ಸಿಲಬಸ್ ಯಾರು ಮುಗಿಸ್ತಾರ?" ಅಂತ ಕೇಳ್ತೀರಿ. ಓದಾಕ ಬರದ ಹುಡುಗನ ಮುಂದ ಸಿಲಬಸ್ ಮುಗಿಸಿದ್ರೂ ಅದು ಸರ್ ಡೈರಿಯೊಳಗ ಮುಗಿದಿರ್ತದ.

6/9

ಈ ಪೋಸ್ಟ್‌ಗೆ ಜಗಳ ಬರ್ತದ ಅಂತ ಗೊತ್ತು. ಬರ್ಲಿ.

ಭೀಮಾ ನದಿಯ ಈ ಕಡೆ ಇಂಡಿ, ಸಿಂದಗಿ. ಆ ಕಡೆ ಅಫಜಲಪುರ. ಆ ಕಡೆಯವರಿಗೆ 371(ಜೆ) ಅದ, ನಮಗ ಇಲ್ಲ. ಮುದ್ದೇಬಿಹಾಳದಿಂದ ಕೃಷ್ಣಾ ದಾಟಿದ್ರ ಲಿಂಗಸುಗೂರು, ಅಲ್ಲೂ ಅದ. 2012ರ ಸಂವಿಧಾನ ತಿದ್ದುಪಡಿಯಿಂದ ಹಳೇ ಹೈದರಾಬಾದ್ ಭಾಗದ ಜಿಲ್ಲೆಗಳಿಗೆ ಓದಿನಾಗ, ನೌಕರಿಯಾಗ ಮೀಸಲಾತಿ ಬಂತು. ನಾವು ಹಳೇ ಮುಂಬೈ ಪ್ರಾಂತ್ಯದವರು, ಹಿಂಗಾಗಿ ಹೊರಗ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ಕರೆದಾಗ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೇ ಅಂತ ಎತ್ತಿಟ್ರು.

ಆದ್ರ ಹಸಿವು ಅಳೆಯುವಾಗ ಸರ್ಕಾರ ನಮ್ಮನ್ನ ಅವರ ಜೋಡಿನೇ ಕೂಡ್ರಿಸ್ಯದ. 2021ರ ಡಿಸೆಂಬರ್‌ನಾಗ ಶಾಲಿ ಮಕ್ಕಳಿಗೆ ಮೊದಲ ಸಲ ತತ್ತಿ ಕೊಡೋದು ಶುರು ಮಾಡಿದಾಗ ಆರಿಸಿದ್ದು ಏಳು ಜಿಲ್ಲೆ: ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯಪುರ. ಅಪೌಷ್ಟಿಕತೆ ಜಾಸ್ತಿ ಅಂತ ಕಾರಣ ಕೊಟ್ರು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 114 ಹಿಂದುಳಿದ ತಾಲೂಕುಗಳ ಪಟ್ಟಿ ಕೊಟ್ಟಿತ್ತು, ನಮ್ಮ ನಾಲ್ಕೂ ತಾಲೂಕು ಅದರಾಗ ಅದಾವ.

ಹಂಗಾದ್ರ 371(ಜೆ) ನಮಗೂ ಬೇಕು ಅಂತ ಹೋರಾಟ ಮಾಡೋಣೇನು? ಗೆಳೆಯರು ಕೆಲವರು ಹೌದು ಅಂತಾರ. ನನ್ನ ಅಭಿಪ್ರಾಯ ಬೇರೆ. ಮೇಲಿನ ಪೋಸ್ಟ್‌ನಾಗಿನ ನಂಬರ್ ಮತ್ತೊಮ್ಮೆ ನೋಡ್ರಿ: 2025ರಲ್ಲಿ ಕಲಬುರಗಿ 42.43. ಮಂಡಳಿಗೆ ವರ್ಷಕ್ಕ ಸಾವಿರಾರು ಕೋಟಿ ಬರೋ, ಮೀಸಲಾತಿ ಇರೋ ಜಿಲ್ಲೆ ರಾಜ್ಯದಾಗ ಕೊನೆ. ರೊಕ್ಕ ಬೇಕೇ ಬೇಕು. ಆದ್ರ ಕಟ್ಟಡ, ಕಾಂಪೌಂಡು, ಸ್ಮಾರ್ಟ್ ಕ್ಲಾಸ್ ಟಿವಿಗೆ ಹೋದ ರೊಕ್ಕ ಎಂಟನೇ ಕ್ಲಾಸಿನ ಭಾಗಾಕಾರದ ತನಕ ಬರೋದಿಲ್ಲ. ನಮಗ 371(ಜೆ) ಸಿಕ್ಕು ಅದೇ ರೀತಿ ಖರ್ಚಾದ್ರ, ಹತ್ತು ವರ್ಷದ ಮೇಲೆ ನಾವೂ ಕಲಬುರಗಿ ಪಕ್ಕದಾಗೇ ಇರ್ತೀವಿ, ಕಾಂಪೌಂಡ್ ಚಂದ ಇರ್ತದ ಅಷ್ಟೇ.

7/9

ಶಿಕ್ಷಕರು.

ಖಾಲಿ ಹುದ್ದೆಯಾಗ ಅತಿಥಿ ಶಿಕ್ಷಕರು ಪಾಠ ಮಾಡ್ತಾರ. 2025ರ ಬಜೆಟ್‌ನಾಗ ಗೌರವಧನ 2,000 ಹೆಚ್ಚಿಸಿದ ಮೇಲೆ ಹೈಸ್ಕೂಲಿನವರಿಗೆ ತಿಂಗಳಿಗೆ 12,500 ರೂಪಾಯಿ. ಬಿಎಸ್ಸಿ, ಬಿಇಡಿ ಮಾಡಿದವರಿಗೆ. ಶಾಲೆ ಶುರು ಆಗಿ ಎಷ್ಟೋ ದಿನದ ಮ್ಯಾಲ ಆದೇಶ, ಸೂಟಿಯ ತಿಂಗಳಿಗೆ ಪಗಾರಿಲ್ಲ, ಮುಂದಿನ ವರ್ಷ ಇರ್ತಾರೋ ಇಲ್ಲೋ ಅವರಿಗೇ ಗೊತ್ತಿಲ್ಲ. ನಮ್ಮ ಊರಿನ ಬಟ್ಟಿ ಅಂಗಡಿಯಾಗ ಲೆಕ್ಕ ಬರೆಯೋ ಹುಡುಗ ಇದಕ್ಕಿಂತ ಹೆಚ್ಚು ತಗೋತಾನ. ಎಂಟನೇ ಕ್ಲಾಸಿನ ಬುನಾದಿ ಹಾಕೋ ಜೂನ್ ತಿಂಗಳಿಗೇ ಶಿಕ್ಷಕರಿರೋದಿಲ್ಲ ಅಂದ್ರ, ಮೇಲಿನ ಪೋಸ್ಟ್‌ನಾಗ ನಾನು ಹೇಳಿದ ಮೂರು ತಿಂಗಳ ಪ್ಲ್ಯಾನ್ ಗೋಡಿ ಮ್ಯಾಲಿನ ಕ್ಯಾಲೆಂಡರ್ ಆಗ್ತದ.

ಹಂಗಾಗಿ ಎರಡೇ ಬೇಡಿಕೆ. ಗಣಿತ, ವಿಜ್ಞಾನ, ಇಂಗ್ಲಿಷ್, ಈ ಮೂರಕ್ಕ ಜೂನ್ ಮೊದಲನೇ ತಾರೀಖಿಗೇ ಶಿಕ್ಷಕರು ಇರಬೇಕು, ಅತಿಥಿ ಆದ್ರೂ ಸರಿ, ಹನ್ನೆರಡು ತಿಂಗಳ ಪಗಾರ ಕೊಡ್ರಿ. ಇನ್ನೊಂದು, ಶಾಲೆಯ ಅನುಭವಸ್ಥ ಗಣಿತ ಶಿಕ್ಷಕರು ಎಂಟನೇ ಕ್ಲಾಸಿಗೆ ಕಡ್ಡಾಯ. ಈಗ ಉಲ್ಟಾ ನಡೀತದ: ಹಳಬರು ಹತ್ತಕ್ಕ, ಹೊಸಬರು ಎಂಟಕ್ಕ, ಯಾಕಂದ್ರ ನೋಟಿಸ್ ಬರೋದು ಹತ್ತನೇ ರಿಸಲ್ಟ್‌ಗೆ.

ನೋಟಿಸ್ ಅಂದ ಮ್ಯಾಲ ನೆನಪಾಯ್ತು. ಲಂಡನ್ ಊರಿನ ಸರ್ಕಾರಿ ಹೈಸ್ಕೂಲುಗಳೂ ಒಂದು ಕಾಲಕ್ಕ ಇಂಗ್ಲೆಂಡಿನಾಗೇ ಹಿಂದುಳಿದ ಶಾಲೆ ಅನ್ನಿಸ್ಕೊಂಡಿದ್ವು. ಬಡವರ, ವಲಸೆ ಬಂದವರ ಮಕ್ಕಳು. 2003ರಲ್ಲಿ "ಲಂಡನ್ ಚಾಲೆಂಜ್" ಅಂತ ಶುರು ಮಾಡಿ 2011ರ ತನಕ ನಡೆಸಿದ್ರು. ಟಿಮ್ ಬ್ರಿಗ್‌ಹೌಸ್ ಅನ್ನೋರು ಅದರ ಮುಂದಾಳು. ಕುಂಟೋ ಶಾಲೆಗೆ ಪಕ್ಕದ ಚಲೋ ಶಾಲೆಯ ಹೆಡ್ ಮಾಸ್ತರರನ್ನ ಜೋಡಿ ಮಾಡಿದ್ರು, ಅವರ ಶಿಕ್ಷಕರು ಇವರ ಕ್ಲಾಸಿಗೆ, ಇವರ ಶಿಕ್ಷಕರು ಅವರ ಕ್ಲಾಸಿಗೆ. ಎಂಟು ವರ್ಷದಾಗ ಲಂಡನ್ ಶಾಲೆಗಳು ದೇಶದ ಸರಾಸರಿಗಿಂತ ಮ್ಯಾಲ ಹೋದ್ವು. ಎಲ್ಲಾ ಶ್ರೇಯ ಆ ಒಂದೇ ಯೋಜನೆಗೆ ಅಂತ ತಜ್ಞರೂ ಒಪ್ಪೋದಿಲ್ಲ, ಆದ್ರ ಒಂದು ಪದ್ಧತಿ ನಾವು ತಗೋಬಹುದು. ಒಂದೇ ಊರಿನಾಗ ಆದರ್ಶ ವಿದ್ಯಾಲಯವೂ ಅದ, ಸಾದಾ ಸರ್ಕಾರಿ ಹೈಸ್ಕೂಲೂ ಅದ. ಇವೆರಡರ ಗಣಿತ ಶಿಕ್ಷಕರು ತಿಂಗಳಿಗೊಮ್ಮೆ ಒಂದು ಕಡೆ ಕೂಡಾಕ ಖರ್ಚೇನು? ಎರಡು ಕಪ್ ಚಾ.

8/9

ರಿಸಲ್ಟ್ ಲೆಕ್ಕ ಹಾಕೋ ರೀತಿ ಬದಲಾಗದಿದ್ರ ಮ್ಯಾಲಿನ ಯಾವುದೂ ನಡೆಯೋದಿಲ್ಲ.

ಈಗಿನ ಲೆಕ್ಕ: ಪಾಸಾದವರು ಭಾಗಿಸು ಪರೀಕ್ಷೆ ಬರೆದವರು. ಇದರಾಗ ಒಂದು ಕಳ್ಳದಾರಿ ಅದ. ಛೇದ ಸಣ್ಣದು ಮಾಡಿದ್ರ ಶೇಕಡಾ ತಾನೇ ಏರ್ತದ. ಎಂಟಕ್ಕ 90 ಮಕ್ಕಳು ಸೇರಿದ್ರು ಅನ್ರಿ (ಉದಾಹರಣೆಗೆ ಅಷ್ಟೇ). ಹತ್ತನೇ ಪರೀಕ್ಷೆಗೆ ಕೂತವರು 60. ಪಾಸಾದವರು 45. ಪೇಪರ್‌ನಾಗ ಬರೋದು ಶೇ. 75. ಎಂಟರಿಂದ ಲೆಕ್ಕ ಹಿಡಿದ್ರ 50. ಆ ನಡುವಿನ 30 ಮಕ್ಕಳು ಎಲ್ಲಿ ಹೋದ್ರು ಅಂತ ಯಾರೂ ಯಾರಿಗೂ ನೋಟಿಸ್ ಕೊಡೋದಿಲ್ಲ. ಉಲ್ಟಾ, ವೀಕ್ ಹುಡುಗ ಒಂಬತ್ತರಾಗೇ ಬಿಟ್ಟು ಹೋದ್ರ ಶಾಲೆಯ ರಿಸಲ್ಟ್‌ಗೆ ಲಾಭ. ಕಡ್ಡಾಯ ಶಿಕ್ಷಣದ ಕಾಯ್ದೆಯೂ 14 ವರ್ಷಕ್ಕ, ಎಂಟನೇ ಕ್ಲಾಸಿಗೆ ನಿಲ್ತದ. ಒಂಬತ್ತಕ್ಕ ಬಿಟ್ಟ ಹುಡುಗಿಯ ಮನೆ ಬಾಗಿಲಿಗೆ ಬರೋ ಕಾನೂನು ಇಲ್ಲ.

ನನ್ನ ಲೆಕ್ಕ: ಮೂರು ವರ್ಷದ ಹಿಂದೆ ಎಂಟಕ್ಕ ಸೇರಿದವರಲ್ಲಿ ಇವತ್ತು ಎಷ್ಟು ಮಂದಿ ಪಾಸು? ವರ್ಗಾವಣೆ ತಗೊಂಡು ಬೇರೆ ಶಾಲೆಗೆ ಹೋದವರನ್ನ ಬಿಟ್ಟು ಲೆಕ್ಕ ಹಾಕ್ರಿ, ಅಡ್ಡಿಯಿಲ್ಲ. ಶಾಲೆಯ ಗೇಟಿನ ಮ್ಯಾಲ ಈ ಒಂದು ನಂಬರ್ ಬರೀರಿ. ಸಚಿವರು, ಡಿಡಿಪಿಐ, ಬಿಇಓ, ಎಲ್ಲಾರೂ ಇದೇ ನಂಬರ್ ಕೇಳ್ಲಿ. ಅವಾಗ ಎಚ್.ಎಂ. ತಾವಾಗೇ ಒಳ್ಳೆ ಸರ್‌ನ ಎಂಟಕ್ಕ ಕಳಿಸ್ತಾರ, ಕಬ್ಬಿಗೆ ಹೋದವರ ಮಕ್ಕಳಿಗೆ ಹಾಸ್ಟೆಲ್ ಸೀಟಿಗೆ ತಾವೇ ಓಡಾಡ್ತಾರ. ಸೀಸನಲ್ ಹಾಸ್ಟೆಲ್ ಅನ್ನೋದು ಸರ್ವ ಶಿಕ್ಷಾ ಅಭಿಯಾನದ ಕಾಲದಿಂದಲೂ ಇರೋ ಮಾತು. ದೀಪಾವಳಿಯಿಂದ ಯುಗಾದಿ ತನಕ ಆ ಒಂದು ಹುಡುಗಿಗೆ ಊಟ, ಜಾಗ ಸಿಕ್ರ ಆಕಿ ಅಡಿಗಿ ಮನಿಯಿಂದ ಬೆಂಚಿಗೆ ಬರ್ತಾಳ.

ಈ ಲೆಕ್ಕಕ್ಕ ಒಂದು ವಿರೋಧ ಬಂದದ, ಸರಿಯಾದ ವಿರೋಧನೇ. ನಮ್ಮ ಸೀನಿಯರ್ ಒಬ್ಬರು, ಈಗ ಅತಿಥಿ ಶಿಕ್ಷಕರು, ಮೆಸೇಜ್ ಮಾಡಿದ್ರು: "ಹುಡುಗಿ ಮದುವಿ ಆಗಿ ಹೋದ್ರ ಅದಕ್ಕೂ ನಾವೇ ಜವಾಬ್ದಾರೇನು?" ಒಬ್ಬರೇ ಅಲ್ಲ ಸರ್. ಆದ್ರ ಆಕಿ ಬೆಂಚಿನ ಮ್ಯಾಲ ಇಲ್ಲ ಅಂತ ಮೊದಲು ಗೊತ್ತಾಗೋದು ನಿಮಗೇ. ಪುರಸಭೆ, ಪೊಲೀಸು, ಮಹಿಳಾ ಮಕ್ಕಳ ಇಲಾಖೆಗೆ ಗೊತ್ತಾಗೋ ಹೊತ್ತಿಗೆ ಅಕ್ಷತಿ ಬಿದ್ದಿರ್ತದ.

9/9

ನಮ್ಮ ಕೈಲಿ ಏನಾಗ್ತದ ಅಂತ ಡಿಎಂನಾಗ ಕೇಳಿದವರಿಗೆ.

ಸರ್ಕಾರದ ಕೆಲಸ ನಾವು ಮಾಡಬೇಕಂತಿಲ್ಲ, ಮಾಡೋಕೂ ಆಗೋದಿಲ್ಲ. ಆದ್ರ ನಮ್ಮ ಜಿಲ್ಲೆಯ ಹಳೇ ಶಾಲೆಗಳು ಜನರ ಕಡೆಯಿಂದಲೇ ಎದ್ದಿದ್ದು. ವಚನಗಳನ್ನ ಊರೂರು ಅಲೆದು ಕೂಡಿಸಿದ ಫ.ಗು. ಹಳಕಟ್ಟಿಯವರೇ 1910ರಲ್ಲಿ ವಿಜಯಪುರದಾಗ ಬಿಎಲ್‌ಡಿಇ ಸಂಸ್ಥೆ ಕಟ್ಟೋದ್ರಾಗ ಮುಂದಿದ್ರು. ಅವಾಗ ಅವರ ಕೈಯಾಗ ಆರ್‌ಟಿಇ ಕಾಯ್ದೆ ಇರ್ಲಿಲ್ಲ, ಎಡಿಬಿ ಸಾಲ ಇರ್ಲಿಲ್ಲ.

ಸದ್ಯಕ್ಕ ನಾವು ಆರು ಮಂದಿ ಮಾಡೋದು ಸಣ್ಣ ಕೆಲಸ. ಹತ್ತನೇ ಮಕ್ಕಳಿಗೆ ಈಗ ಎಲ್ಲಾರೂ ಅದಾರ, ಅವರನ್ನ ನಾವು ಮುಟ್ಟೋದಿಲ್ಲ. ಜೂನ್‌ದಿಂದ ರವಿವಾರ ಮುಂಜಾನೆ ಎರಡು ತಾಸು, ಎಂಟನೇ ಕ್ಲಾಸಿಗೆ ಹೊಸದಾಗಿ ಸೇರಿದವರ ಜೋಡಿ ಕೂಡ್ತೀವಿ. ಒಂದು ತಾಸು ಕನ್ನಡ ಜೋರಾಗಿ ಓದೋದು: ಪೇಪರ್, ಬಸ್ ಬೋರ್ಡ್, ಗೊಬ್ಬರದ ಚೀಲದ ಮ್ಯಾಲಿನ ಬರಹ, ಏನಾದ್ರೂ ಸೈ. ಒಂದು ತಾಸು ಸಂತಿ ಲೆಕ್ಕ, ಬಾಯಲ್ಲಿ ಹೇಳಿದ್ದನ್ನೇ ಪಾಟಿ ಮ್ಯಾಲ ಬರೆಯೋದು. ಇಂಡಿ ನಿಂಬಿಗೆ ಜಿಐ ಟ್ಯಾಗ್ ಬಂದದ, ಹಂಗಾಗಿ ಮೊದಲ ಲೆಕ್ಕ ನಿಂಬಿ ಮ್ಯಾಲ: ಒಂದು ಚೀಲದಾಗ ಇಷ್ಟು ಕಾಯಿ, ಚೀಲಕ್ಕ ಇಷ್ಟು ರೇಟು, ಒಂದಕ್ಕ ಎಷ್ಟು ಬಿತ್ತು, ದಲಾಲಿ ಕಳೆದು ಅಪ್ಪನ ಕೈಗೆ ಎಷ್ಟು. ಆ ಕೊನೆಯ ಪ್ರಶ್ನೆಗೆ ಮಕ್ಕಳು ಭಾಳ ಗಂಭೀರ ಆಗ್ತಾರ, ಟ್ಯೂಷನ್‌ನಾಗ ನೋಡೀನಿ.

ಈ ನಾಲ್ಕು ತಾಲೂಕಿನಾಗ ಯಾರಾದ್ರೂ ಸೇರ್ಕೋಬೇಕಂದ್ರ ಡಿಎಂ ಮಾಡ್ರಿ, ಊರಿನ ಹೆಸರು ಹಾಕ್ರಿ. ಕಾಲೇಜಿನವರು ಆಗಿರಬೇಕಂತಿಲ್ಲ, ಪಿಯುಸಿ ಆದ್ರೂ ಸಾಕು, ಭಾಗಾಕಾರ ಬಂದ್ರ ಸಾಕು.

ಇನ್ನೊಂದು. ನೀವು ಓದಿದ, ಇಲ್ಲಾ ನಿಮ್ಮ ತಮ್ಮ ತಂಗಿ ಓದೋ ಸರ್ಕಾರಿ ಹೈಸ್ಕೂಲಿನಾಗ ಈಗ ಯಾವ ವಿಷಯಕ್ಕ ಶಿಕ್ಷಕರಿಲ್ಲ? ಕಾಮೆಂಟ್‌ನಾಗ ತಾಲೂಕು ಮತ್ತು ವಿಷಯ ಅಷ್ಟೇ ಬರೀರಿ. ಶಾಲೆಯ ಹೆಸರು, ಸರ್ ಹೆಸರು, ಅಕ್ಕೋರ ಹೆಸರು ಬ್ಯಾಡ, ಹಾಕಿದ್ರ ಡಿಲೀಟ್ ಮಾಡ್ತೀನಿ. ಏಪ್ರಿಲ್ ಮೊದಲ ವಾರ, ಹತ್ತನೇ ಪರೀಕ್ಷೆ ಮುಗಿದ ಮೇಲೆ, ತಾಲೂಕುವಾರು ಪಟ್ಟಿ ಮಾಡಿ ನಾಲ್ಕೂ ಬಿಇಓ ಆಫೀಸಿಗೆ ಕೊಟ್ಟು ಬರ್ತೀವಿ. ಸ್ವೀಕೃತಿಯ ಸೀಲ್ ಬಿದ್ದ ಫೋಟೋ ಇಲ್ಲೇ ಹಾಕ್ತೀನಿ.

#ಎಂಟನೇಕ್ಲಾಸು #ಇಂಡಿ #ಸಿಂದಗಿ #ಮುದ್ದೇಬಿಹಾಳ #ಬಸವನಬಾಗೇವಾಡಿ #ನಮ್ಮಸರ್ಕಾರಿಶಾಲೆ